ಸೈಕಲ್ ಖಾಲಿ ಅದಾವೇನು?

ಮಾತು ಹೆಚ್ಚು ಆಡುವವರಿಂದ ಊರಿಗೆ ಅಂಥ ಅಪಾಯವೇನಿಲ್ಲ. ಅವರ ಹತ್ತು ಮಾತಿನಲ್ಲಿ ಒಂದು ತಿಳಿಯದಿದ್ದರೆ ಇನ್ನೊಂದು ತಿಳಿಯುತ್ತದೆ. ಕಡಿಮೆ ಆಡುವವರದೇ ಕಷ್ಟ. ಅವರದು ಒಂದೇ ಮಾತು, ಅದು ತಪ್ಪಿದರೆ ಮುಗಿಯಿತು. ರಾಯಚೂರಿನ ಸೈಕಲ್ ವ್ಯಾಪಾರಿ ಮೌನಪ್ಪ ಸಾಹುಕಾರರು ಹೆಸರಿಗೆ ತಕ್ಕ ಮನುಷ್ಯ. ಅವರು ಮಾನ್ವಿಯ ದಸ್ತಗೀರ್ ಸಾಬ್‌ಗೆ ಹೇಳಿಕಳಿಸಿದ್ದೂ ಒಂದೇ ಮಾತು.

ಅದನ್ನು ಹೊತ್ತು ತಂದವನು ಬೆಳಗಿನ ರಾಯಚೂರು ಬಸ್ಸಿನ ಕಂಡಕ್ಟರ್ ಯಂಕೋಬ. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜೋತುಬಿದ್ದು ಕೂಗಿದ.

“ದಸ್ತಗೀರ್ ಸಾಬ್, ಮೌನಪ್ಪ ಸಾವ್ಕಾರ್ರು ಇವತ್ತ ಮೂರರ ಬಸ್ಸಿಗೆ ಬರ್ತಾರಂತ. ಸೈಕಲ್ ಖಾಲಿ ಅದಾವೋ ಇಲ್ಲೋ ನೋಡ್ತೀನಿ ಅಂತ ಹೇಳ್ಯಾರ.”

“ಅಷ್ಟೇ ಏನು?”

“ಅವ್ರು ಅಷ್ಟು ಮಾತಾಡಿದ್ದೇ ಹೆಚ್ಚು. ನನ್ನ ಬಸ್ಸಿನಾಗ ಅಡ್ಡಾಡ್ತಾರ, ಹೋಗೋ ಊರ ಹೆಸರೂ ಹೇಳಂಗಿಲ್ಲ. ನಾನೇ ಮಾರಿ ನೋಡಿ ಟಿಕೀಟ್ ಹರೀತೀನಿ.”

ದಸ್ತಗೀರ್ ಸಾಬ್‌ನದು ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆ ಸೈಕಲ್ ಅಂಗಡಿ. ಮದುವೆಯಾದ ವರ್ಷ ಒಂದು ಹಳೆಯ ಸೈಕಲ್ಲಿನಿಂದ ಶುರು ಮಾಡಿದ್ದ. ವರ್ಷಕ್ಕೊಂದರಂತೆ ಕೂಡಿಸಿ ಈಗ ಎಂಟಾಗಿದ್ದವು. ಅವನ ಹೆಂಡತಿ ಕುಬ್ರಾ ಬೇಗಂ ಇದನ್ನು ರೊಟ್ಟಿಯ ಹಿಟ್ಟಿಗೆ ಹೋಲಿಸುತ್ತಿದ್ದಳು. ನೀರನ್ನು ಕೈಯಿಂದ ಚಿಮುಕಿಸುತ್ತ ನಾದಿದರೆ ಹಿಟ್ಟು ಹೇಳಿದ ಮಾತು ಕೇಳುತ್ತದೆ. ಚೊಂಬನ್ನೇ ಬಗ್ಗಿಸಿದರೆ ಅಂಬಲಿಯಾಗುತ್ತದೆ. ಹವಾ ಹಾಕುವುದು, ಪಂಕ್ಚರ್ ಹಚ್ಚುವುದು, ಚೈನಿಗೆ ಎಣ್ಣೆ ಬಿಡುವುದು, ಎಲ್ಲವನ್ನೂ ದಸ್ತಗೀರ್ ಸಾಬ್ ತಾನೇ ಮಾಡುತ್ತಿದ್ದ. ಬೆಳಗ್ಗೆ ಬಗ್ಗಿದ ನಡು ದೀಪ ಹಚ್ಚುವ ಹೊತ್ತಿಗೆ ನೆಟ್ಟಗಾಗುತ್ತಿತ್ತು.

ಹೀಗೆ ತನ್ನ ಪಾಡಿಗೆ ನಡೆಯುತ್ತಿದ್ದ ಅಂಗಡಿಗೆ ಚಿಂತೆ ಬಂದದ್ದು ಮೌನಪ್ಪ ಸಾಹುಕಾರರಿಂದ. ನಮ್ಮ ಕಡೆ ಕುರಿಯನ್ನು ಪಾಲಿಗೆ ಕೊಡುವುದುಂಟು. ಮೇಯಿಸುವುದು ನೀನು, ಹುಟ್ಟಿದ ಮರಿಯಲ್ಲಿ ಅರ್ಧ ನನಗೆ. ಸಾಹುಕಾರರು ಸೈಕಲ್ಲುಗಳನ್ನೂ ಹಾಗೆಯೇ ಪಾಲಿಗೆ ಕೊಡುತ್ತಿದ್ದರು. ಮಾನ್ವಿಯಲ್ಲಿ ಯಾರಾದರೂ ಒಬ್ಬರ ಅಂಗಡಿಯಲ್ಲಿ ಹತ್ತು ಹೊಸ ಸೈಕಲ್ ನಿಲ್ಲಿಸುತ್ತಾರೆಂದು ಸುದ್ದಿಯಾಗಿತ್ತು. ಆ ಒಬ್ಬ ತಾನಾದರೆ ಸರಿ. ಬೇರೆಯವನಾದರೆ? ಅದೇ ಊರಿನಲ್ಲಿ ಹೊಸ ಸೈಕಲ್ ಹೊಳೆಯುತ್ತಿರುವಾಗ, ಇಳಿಜಾರಿನಲ್ಲೂ ತುಳಿಯಬೇಕಾದ ತನ್ನ ಎಂಟನ್ನು ಯಾರು ಕೇಳುತ್ತಾರೆ? ಈ ಯೋಚನೆಯಿಂದ ಒಂದು ವಾರ ಅವನಿಗೆ ತಿಂದದ್ದು ಎದೆಯಲ್ಲೇ ನಿಂತಂತಾಗುತ್ತಿತ್ತು.

ಯಂಕೋಬನ ಬಸ್ಸು ಹೋದ ಮೇಲೆ ತಿರುಗಿ ನೋಡಿದ. ಅಂಗಡಿಯಲ್ಲಿ ಹವಾ ಹಾಕುವ ಪಂಪ್ ಒಂದೇ ನಿಂತಿತ್ತು. ಅವತ್ತು ಸಂತೆಯ ದಿನ, ಹೊತ್ತೇರುವ ಮೊದಲೇ ಎಂಟೂ ಹೊರಟುಹೋಗಿದ್ದವು. ಬೇರೆ ದಿನವಾಗಿದ್ದರೆ ಆ ಬೋಳು ಅಂಗಡಿ ನೋಡಿ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಇವತ್ತು ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ನೆಟ್ಟಗೆ ಪಕ್ಕದ ಅಯ್ಯಣ್ಣನ ಹೋಟೆಲಿಗೆ ಹೋದ. ಎರಡಕ್ಕೂ ನಡುವೆ ಒಂದೇ ಗೋಡೆ. ಊರಿನ ಯಾವ ಪ್ರಶ್ನೆಗೂ ಅಯ್ಯಣ್ಣನಲ್ಲಿ ಉತ್ತರ ಮಿರ್ಚಿ ಬಜ್ಜಿಯಂತೆ ಬಿಸಿಬಿಸಿಯಾಗಿ ಸಿಗುತ್ತಿತ್ತು. ಒಳಗೆ ಬೆಂದಿದೆಯೋ ಇಲ್ಲವೋ ಎಂಬುದು ಕಚ್ಚಿದ ಮೇಲೆ ತಿಳಿಯುತ್ತಿತ್ತು.

“ಅಯ್ಯಣ್ಣ, ಸೈಕಲ್ ಖಾಲಿ ಅದಾವೋ ಇಲ್ಲೋ ನೋಡ್ತೀನಿ ಅಂದ್ರ ಏನೋ? ಖಾಲಿ ಇರಬೇಕು ಅಂತನೋ, ಇರಬಾರದು ಅಂತನೋ?”

“ಅದರಾಗೇನದ ಮಾವ. ನಿನ್ನ ಅಂಗಡಿಗೆ ಬಂದ ಗಿರಾಕಿ ಮೊದಲ ಏನ್ ಕೇಳ್ತಾನ?”

“ಸೈಕಲ್ ಖಾಲಿ ಅದಾವೇನು ಅಂತಾನ.”

“ಅದಾವ ಅಂದ್ರ ನಗ್ತಾನೋ, ಇಲ್ಲ ಅಂದ್ರ ನಗ್ತಾನೋ?”

“ಅದಾವ ಅಂದ್ರ.”

“ಸಾವ್ಕಾರ್ರಿಗೂ ಹಂಗೇ. ಸೈಕಲ್ ಕಣ್ಣಿಗೆ ಕಾಣಬೇಕು. ದೇವದುರ್ಗದ ಸುದ್ದಿ ಕೇಳಿಲ್ಲೇನು? ಅಲ್ಲಿ ಒಬ್ಬನಿಗೆ ಪಾಲಿಗೆ ಕೊಟ್ಟಿದ್ರು. ನೋಡಾಕ ಹೋದ್ರ ಅಂಗಡ್ಯಾಗ ಒಂದೂ ಇಲ್ಲ. ಅವ ಎಲ್ಲಾ ಮಾರಿಕೊಂಡು ಕುಂತಿದ್ದನಂತ. ಅವತ್ತಿನಿಂದ ಸಾವ್ಕಾರ್ರಿಗೆ ಬೋಳು ಅಂಗಡಿ ಕಂಡ್ರ ಚಳಿ ಜ್ವರ ಬರ್ತಾವ.”

ದಸ್ತಗೀರ್ ಸಾಬ್‌ಗೆ ಆ ಚಳಿ ಜ್ವರ ಅಲ್ಲೇ ಅಂಟಿಕೊಂಡಿತು.

“ಈಗೇನ್ ಮಾಡ್ಲೋ?”

“ಏನ್ ಮಾಡ್ತಿ, ಹೋಗು. ಮೂರರೊಳಗ ಎಂಟೂ ಜಗ್ಗಿಕೊಂಡು ಬಂದು ಸಾಲಾಗಿ ನಿಂದ್ರಸು.”

ಅಷ್ಟರಲ್ಲಿ ಕುಬ್ರಾ ಬೇಗಂ ಬುತ್ತಿ ತಂದಳು. ಗಂಡನಿಂದ ವಿಷಯ ಕೇಳಿ ಸೆರಗು ಸರಿಮಾಡಿಕೊಂಡು, ದಖ್ಖನಿಯಲ್ಲಿ ಒಂದೇ ಪ್ರಶ್ನೆ ಹಾಕಿದಳು: “ಸೈಕಲಾಂ ಫಿರ್‍ನಾ ಅಚ್ಛಾ ಕಿ ಖಡೇ ರಹ್ನಾ ಅಚ್ಛಾ?”

ಸೈಕಲ್ ತಿರುಗುವುದು ಒಳ್ಳೆಯದೋ, ನಿಲ್ಲುವುದು ಒಳ್ಳೆಯದೋ. ಒಂದು ಸೈಕಲ್ ದಿನವಿಡೀ ನಿಂತರೆ ನೀವು ರಾತ್ರಿ ಊಟ ಬಿಡುತ್ತೀರಲ್ಲ ಎಂದೂ ಸೇರಿಸಿದಳು. ಇದೇ ಪ್ರಶ್ನೆಯನ್ನು ತಹಶೀಲ್ದಾರರು ಕೇಳಿದ್ದರೆ ದಸ್ತಗೀರ್ ಸಾಬ್ ನಿಂತು ಯೋಚಿಸುತ್ತಿದ್ದ. ಕೇಳಿದವಳು ಹೆಂಡತಿ. “ದೊಡ್ಡ ವ್ಯಾಪಾರದ ಮಾತು ನಿನಗ ತಿಳಿಯಂಗಿಲ್ಲ, ಅಂಗಡಿ ನೋಡ್ಕೋ” ಎಂದು ಚಪ್ಪಲಿ ಮೆಟ್ಟಿ ಓಡಿದ.

ಮೊದಲ ಸೈಕಲ್ ಸಂತೆಯಲ್ಲೇ ಇತ್ತು. ಬದನೆಕಾಯಿ ಮಾರುವ ಗೋಪಮ್ಮ ಪ್ರತಿ ಸಂತೆಗೂ ಒಂದು ಸೈಕಲ್ ಒಯ್ಯುತ್ತಿದ್ದಳು, ಹತ್ತಲು ಅಲ್ಲ. ಎರಡೂ ಕಡೆ ಚೀಲ ತೂಗುಹಾಕಿ ಹೊಲದಿಂದ ತಳ್ಳಿಕೊಂಡು ಬಂದು, ಸಂತೆಯಲ್ಲಿ ಅದನ್ನೇ ಗೂಟ ಮಾಡಿ, ಹ್ಯಾಂಡಲ್ಲಿಗೆ ಹಳೆಯ ಸೀರೆ ಕಟ್ಟಿ ನೆರಳಲ್ಲಿ ಕೂರುತ್ತಿದ್ದಳು.

“ಯವ್ವಾ, ಸೈಕಲ್ ಬೇಕಾಗೇದ. ಸಾವ್ಕಾರ್ರು ನೋಡಾಕ ಬರಾಕತ್ಯಾರ.”

“ಒಯ್ಯಪ್ಪ. ನೆರಳು ಯಾರು ಹಿಡೀತಾರ? ನೀ ಹಿಡಕೊಂಡು ನಿಂದ್ರತೀಯೇನು?”

“ಅರ್ಧ ತಾಸು ಅಯ್ಯಣ್ಣನ ಹೋಟೆಲ್ಲಿನಾಗ ಕೂಡು ಯವ್ವಾ. ಚಹಾ ಬಜ್ಜಿ ನನ್ನದು.”

ಹೀಗೆ ಹೇಳುತ್ತಲೇ ಅವನು ಗಂಟು ಬಿಚ್ಚಿದ. ಸೀರೆ ಬದನೆಕಾಯಿಯ ಮೇಲೂ, ಬಗ್ಗಿ ಆರಿಸುತ್ತಿದ್ದ ಒಬ್ಬ ಮೇಷ್ಟರ ಮೇಲೂ ಒಟ್ಟಿಗೆ ಬಿತ್ತು. ಮೇಷ್ಟರು ಒಳಗಿನಿಂದ ಏನೋ ಅಂದರು. ಗೋಪಮ್ಮ ಬುಟ್ಟಿ ತಲೆಯ ಮೇಲಿಟ್ಟು, “ನಡಿ, ನೆರಳಿದ್ದಲ್ಲೇ ನನ್ನ ಸಂತಿ” ಎಂದು ಹೋಟೆಲಿನ ಕಡೆ ಹೊರಟಳು.

ಎರಡನೆಯದು ಶಾಲೆಯ ಬಯಲಿನಲ್ಲಿತ್ತು. ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಮೂಕಪ್ಪ ನಲವತ್ತು ದಾಟಿದ ಮೇಲೆ ಸೈಕಲ್ ಕಲಿಯುವ ಮನಸ್ಸು ಮಾಡಿದ್ದ. ಅವನೂ ಒಂದು ಮೂಟೆಯಷ್ಟೇ ಇದ್ದ. ಬೇವಿನ ಮರದ ಸುತ್ತ ಒಂದೇ ಸಮನೆ ಸುತ್ತುತ್ತಿದ್ದ. ದಸ್ತಗೀರ್ ಸಾಬ್ ಪಕ್ಕದಲ್ಲಿ ಓಡುತ್ತ ಕೇಳಿಕೊಂಡ.

“ಮೂಕಪ್ಪಣ್ಣ, ಇಳಿ.”

“ಇಳಿಯೋದು ಇನ್ನಾ ಕಲ್ತಿಲ್ಲೋ ಮಾರಾಯ. ಇವತ್ತ ಬರೇ ಹತ್ತೋದು.”

“ಬ್ರೇಕ್ ಹಿಡಿ.”

“ಹಿಡದ್ರ ಬೀಳ್ತೀನಿ.”

“ಮತ್ತ ದಿನಾ ಹ್ಯಾಂಗ ಇಳೀತಿ?”

“ಮರಕ್ಕ ಹಾಯ್ತೀನಿ. ಇವತ್ತ ಮರ ಸಿಗವಲ್ದು.”

ಉಪಾಯ ಕಾಣದೆ ದಸ್ತಗೀರ್ ಸಾಬ್ ಹಿಂದಿನಿಂದ ಕ್ಯಾರಿಯರ್ ಹಿಡಿದು, ಮೂಕಪ್ಪನನ್ನು ಸೈಕಲ್ ಸಮೇತ ಅಂಗಡಿಯ ಕಡೆಗೆ ತಿರುಗಿಸಿದ. ಒಬ್ಬ ತುಳಿಯುತ್ತ, ಒಬ್ಬ ಓಡುತ್ತ ಸಂತೆಯ ನಟ್ಟನಡುವೆ ಬಂದಾಗ ಜನ ಎರಡು ಕಡೆ ಸರಿದು ದಾರಿ ಬಿಟ್ಟರು, ಮೆರವಣಿಗೆ ಎಂದುಕೊಂಡಿರಬೇಕು. ಕೊನೆಗೆ ಅಯ್ಯಣ್ಣನ ಹೋಟೆಲಿನ ಮುಂದಿದ್ದ ಇದ್ದಿಲ ಚೀಲಕ್ಕೆ ಮುಂದಿನ ಗಾಲಿ ಹಾಯ್ದು ಮೂಕಪ್ಪ ಇಳಿದ. ಇಳಿದ ಎನ್ನುವುದಕ್ಕಿಂತ ಇಳಿಸಲ್ಪಟ್ಟ. ಮುಖದ ಮೇಲಿನ ಇದ್ದಿಲ ಪುಡಿ ಒರೆಸಿಕೊಂಡು, “ನನ್ನ ಬಾಡಿಗಿ ಹೊತ್ತು ಇನ್ನಾ ಮುಗಿದಿಲ್ಲ” ಎಂದ. ಅವನಿಗೂ ಬಜ್ಜಿ ಹೇಳಿ ದಸ್ತಗೀರ್ ಸಾಬ್ ಮತ್ತೆ ಓಡಿದ.

ಟೂರಿಂಗ್ ಟಾಕೀಸಿನ ಮುಂದಿನಿಂದ, ಕೋರ್ಟಿನ ಗೇಟಿನಿಂದ, ಆಸ್ಪತ್ರೆಯ ಹುಣಸೆ ಮರದ ಕೆಳಗಿನಿಂದ ಒಂದೊಂದಾಗಿ ಕಿತ್ತುಕೊಂಡು ಬಂದ. ಒಬ್ಬ ಬೈದ, ಒಬ್ಬ ಜಗ್ಗಾಡಿದ. ಒಬ್ಬನಂತೂ, “ಹೆಂಡತಿನ್ನ ಬಸ್ಸಿಗೆ ಬಿಟ್ಟು ಬರ್ತೀನಿ, ಅಲ್ಲಿತನಕ ತಡೀ” ಎಂದು ಅಂಗಲಾಚಿದ. ಎಲ್ಲರಿಗೂ ದಸ್ತಗೀರ್ ಸಾಬ್ ಕೊಟ್ಟ ಉತ್ತರ ಒಂದೇ, “ಅಯ್ಯಣ್ಣನ ಹೋಟೆಲ್ಲಿನಾಗ ಕೂಡ್ರಿ, ಏನ್ ಬೇಕು ತಿನ್ರಿ.” ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸಿನ ಹಾರ್ನ್ ಕೇಳಿದರೂ ಮೂರರದೇ ಬಂತೆಂದು ತಿರುಗಿ ನೋಡುತ್ತಿದ್ದ.

ಏಳು ಸಿಕ್ಕವು. ಎಂಟನೆಯದನ್ನು ಅಮೀರ್ ಸಾಬ್ ಮೀನು ತರಲೆಂದು ಹೊಳೆದಂಡೆಯ ಚೀಕಲಪರ್ವಿಗೆ ಒಯ್ದಿದ್ದ. ಅವನು ಬರುವುದು ಹೊತ್ತು ಮುಳುಗಿದ ಮೇಲೆ.

“ಏಳೇ ಅದಾವಲ್ಲೋ ಅಯ್ಯಣ್ಣ. ಒಂದು ಮಾರಿಕೊಂಡೀನಿ ಅಂತ ತಿಳಕೊಂಡ್ರ?”

“ಏಳು ಯಾಕ ಆಗ್ತಾವ, ನಾನಿಲ್ಲೇನು?” ಎಂದು ಅಯ್ಯಣ್ಣ ಹೊರಗೆ ಬಂದು ಓಣಿಯ ಎರಡೂ ದಿಕ್ಕಿಗೆ ಕೂಗಿದ. ಕಷ್ಟದಲ್ಲಿ ಇದ್ದವನಿಗೆ ಸಹಾಯ ಮಾಡುವುದರಲ್ಲಿ ಮಾನ್ವಿಯ ಜನ ಹಿಂದೆ ಬಿದ್ದವರಲ್ಲ, ಬೇಡವೆಂದರೂ ಮಾಡುತ್ತಾರೆ. ಕಾಂಪೌಂಡರರ ಸೈಕಲ್ ಬಂತು. ದನದ ಡಾಕ್ಟರರ ಸೈಕಲ್ ಬಂತು. ಸೀರೆ ಮೈಮೇಲೆ ಬಿದ್ದಿದ್ದ ಮೇಷ್ಟರು ಸಿಟ್ಟು ಮರೆತು ತಮ್ಮದನ್ನೂ ತಂದು ನಿಲ್ಲಿಸಿದರು. ಊಟಕ್ಕೆ ಮನೆಗೆ ಹೊರಟಿದ್ದ ಟಪಾಲಿನವನನ್ನು ತಡೆದು ಅವನದನ್ನೂ ಒಳಗೆ ತಳ್ಳಿದರು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕುಬ್ರಾ ಬೇಗಂ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಗೆ ಸರಿದಳು.

ಆಗ ಒಬ್ಬ ರೈತ ಬಂದು ಕೇಳಿದ.

“ಸೈಕಲ್ ಖಾಲಿ ಅದಾವೇನ್ರಿ?”

“ಅದಾವ. ಆದ್ರ ಕೊಡಂಗಿಲ್ಲ.”

“ಕೊಡಂಗಿಲ್ಲ ಅಂದ್ರ ಖಾಲಿ ಹ್ಯಾಂಗ ಆಗ್ತಾವ?”

ಕುಬ್ರಾ ಬೇಗಂ ಮೂಲೆಯಿಂದ ಗಂಡನ ಮುಖ ನೋಡಿದಳು. ದಸ್ತಗೀರ್ ಸಾಬ್ ರೈತನನ್ನೂ ಹೋಟೆಲಿಗೆ ಕಳಿಸಿದ.

ಅಯ್ಯಣ್ಣ ಹೋಟೆಲಿನಲ್ಲಿ ಬೆಂಚುಗಳ ನಡುವೆ ನಿಂತು ಎಲ್ಲರಿಗೂ ಪಾಠ ಹೇಳಿಕೊಡುತ್ತಿದ್ದ. “ನೋಡ್ರಿ, ಸಾವ್ಕಾರ್ರು ಕೇಳಿದ್ರ, ಸೈಕಲ್ ಬೆಳಿಗ್ಗಿಂದ ಅಲ್ಲೇ ಅದಾವ, ನಾವ್ಯಾರೂ ಮುಟ್ಟಿಲ್ಲ ಅನ್ರಿ. ಹೊರಗ ಹೋಗಿದ್ವು ಅಂದ್ರ ಅವರಿಗೆ ದೇವದುರ್ಗ ನೆನಪಾಗ್ತದ. ತಿಂದ ಬಜ್ಜಿಗೆ ದ್ರೋಹ ಬಗೀಬ್ಯಾಡ್ರಿ.”

“ಬಗಿಯಂಗಿಲ್ಲ” ಎಂದ ಮೂಕಪ್ಪ. ಅದು ಅವನ ಮೂರನೆಯ ತಟ್ಟೆ.

ಮೂರರ ಬಸ್ಸು ಬಂತು. ಮೌನಪ್ಪ ಸಾಹುಕಾರರು ಕೊಡೆ ಊರಿ ಇಳಿದು, ಧೋತರದ ಧೂಳು ಕೊಡವಿ, ಅಂಗಡಿಯ ಮುಂದೆ ಬಂದು ನಿಂತರು. ದಸ್ತಗೀರ್ ಸಾಬ್ ಎರಡೂ ಕೈಯಿಂದ ಸಲಾಮು ಮಾಡಿದ. ಸಾಹುಕಾರರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಎಲ್ಲಾ ನಿನ್ನವ?”

“ಎಲ್ಲಾ ನನ್ನವೇ ರೀ.”

ಸಾಹುಕಾರರ ಕಣ್ಣು ಒಂದು ಹ್ಯಾಂಡಲ್ಲಿಗೆ ತೂಗುಹಾಕಿದ್ದ ಟಪಾಲಿನ ಖಾಕಿ ಚೀಲದ ಮೇಲೆ ಸ್ವಲ್ಪ ಹೊತ್ತು ನಿಂತಿತು.

“ಎಲ್ಲಾ ಖಾಲಿ?”

“ಎಲ್ಲಾ ಖಾಲಿ ರೀ” ಎಂದ ದಸ್ತಗೀರ್ ಸಾಬ್. ವಾರದಿಂದ ಎದೆಯಲ್ಲಿ ನಿಂತದ್ದು ಈಗ ಇಳಿಯುತ್ತಿದೆ ಅನಿಸಿ ಧ್ವನಿ ದೊಡ್ಡದಾಯಿತು. “ಒಂದೂ ಹೊರಗ ಹೋಗಿಲ್ರಿ. ಬೆಳಿಗ್ಗಿಂದ ಹಿಂಗೇ ನಿಂತಾವ್ರಿ.”

“ಇವತ್ತ ಸಂತಿ ಅಲ್ಲ?”

“ಹೌದ್ರಿ, ಸಂತಿ ರೀ.”

ಸಾಹುಕಾರರು ಕೊಡೆಯ ತುದಿಯಿಂದ ಒಂದು ಗಾಲಿಯನ್ನು ಮೆಲ್ಲಗೆ ತಿರುಗಿಸಿದರು. ಅದು ನಿಲ್ಲುವವರೆಗೂ ನೋಡಿದರು.

“ಸಂತಿ ದಿನಾನೂ ಖಾಲಿ” ಎಂದರು.

ದಸ್ತಗೀರ್ ಸಾಬ್‌ಗೆ ಆ ಮಾತು ಮೊದಲು ಹೊಗಳಿಕೆಯಂತೆ ಕೇಳಿಸಿತು. ಆಮೇಲೆ ಸಾಹುಕಾರರ ಮುಖ ನೋಡಿದ. ಹೊಗಳುವವರ ಮುಖ ಹಾಗೆ ಇರುವುದಿಲ್ಲ.

“ಸಾವ್ಕಾರ್ರ, ದೇವದುರ್ಗದಾಗ...”

“ದೇವದುರ್ಗದಾಗ ಒಂದೂ ಖಾಲಿ ಇರಲಿಲ್ಲ. ಎಲ್ಲಾ ಬಾಡಿಗಿ ಹೋಗಿದ್ವು. ಅವನಿಗೆ ಇನ್ನೈದು ಕಳಿಸೀನಿ.”

ದಸ್ತಗೀರ್ ಸಾಬ್ ಅಯ್ಯಣ್ಣನ ಕಡೆ ತಿರುಗಿದ. ಅಯ್ಯಣ್ಣ ತನ್ನ ಹೋಟೆಲಿನ ಬಾಗಿಲಲ್ಲಿ ಚಹಾ ಸೋಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಎಳೆಗಳನ್ನು ನೋಡುತ್ತಿದ್ದ. ಕುಬ್ರಾ ಬೇಗಂ ತೊಡೆಯ ಮೇಲಿನ ಪಂಪನ್ನು ಕೆಳಗಿಟ್ಟಳು.

“ಸಾವ್ಕಾರ್ರ, ಖರೇ ಹೇಳ್ತೀನ್ರಿ. ಇದರಾಗ ನಾಕು ನನ್ನವಲ್ರಿ. ನನ್ನವು ಬೆಳಿಗ್ಗಿ ಒಂದೂ ಇರಲಿಲ್ಲ, ಎಲ್ಲಾ ಹೊರಗ ಹೋಗಿದ್ವು. ನೀವು ಬರ್ತೀರಂತ ಗಿರಾಕಿ ಕೈಯಾಗಿಂದ ಕಸಗೊಂಡು ಬಂದೀನ್ರಿ.”

ಸಾಹುಕಾರರು ಅವನನ್ನು ಕರುಣೆಯಿಂದ ನೋಡಿದರು. ಇಂಥ ನೆಪವನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ.

“ಯಾವ ಗಿರಾಕಿ?”

“ಇಲ್ಲೇ ಅದಾರ್ರಿ, ಕೇಳ್ರಿ. ಮೂಕಪ್ಪಣ್ಣ, ಹೇಳೋ. ನೀ ಬೆಳಿಗ್ಗಿ ನನ್ನ ಸೈಕಲ್ ಒಯ್ದಿದ್ದಿಲ್ಲೇನು?”

ಮೂಕಪ್ಪ ಬಾಯಲ್ಲಿದ್ದ ಬಜ್ಜಿಯನ್ನು ನುಂಗಿ ಎದ್ದು ನಿಂತ. ತೂಕದ ಕೆಲಸದವನು, ಮಾತಿಗೆ ತಪ್ಪುವವನಲ್ಲ.

“ನಾನೇನ್ರಿ? ನನಗ ಸೈಕಲ್ ಹೊಡಿಯಾಕೇ ಬರಂಗಿಲ್ರಿ.”

“ಗೋಪಮ್ಮ, ನೀನರ ಹೇಳಬೇ ಯವ್ವಾ.”

“ನಾನು ಹೆಣ್ಣಮಗಳಪ್ಪ” ಎಂದಳು ಗೋಪಮ್ಮ ಬದನೆಕಾಯಿ ಬುಟ್ಟಿಯ ಹಿಂದಿನಿಂದ. “ನಾ ಯಾಕ ಸೈಕಲ್ ಹತ್ತಲಿ?”

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಉಳಿದವರೂ ಅಯ್ಯಣ್ಣ ಕಲಿಸಿದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಹೆಂಡತಿಯನ್ನು ಬಸ್ಸಿಗೆ ಬಿಡಬೇಕಾಗಿದ್ದವನು ಮಾತ್ರ ಏನೋ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹೆಂಡತಿ ಅವನ ಕಾಲು ತುಳಿದಳು.

ಸಾಹುಕಾರರು ಅವತ್ತು ಜೀವಮಾನದಲ್ಲೇ ಉದ್ದನೆಯ ಮಾತು ಆಡಿದರು. “ತಿರುಗೋ ಸೈಕಲ್ ಅನ್ನ ಹಾಕ್ತದ, ದಸ್ತಗೀರ. ನಿಂತದ್ದು ತುಕ್ಕು ತಿಂತದ. ಇರೋದಕ್ಕೇ ಗಿರಾಕಿ ಇಲ್ಲ ನಿನಗ. ಮ್ಯಾಲೆ ಹತ್ತು ತಂದು ನಿಂದ್ರಿಸಿದ್ರ ನಿನಗ ತುಕ್ಕು ಒರಸೋದೇ ಕೆಲಸ ಆಗ್ತದ. ಅದು ನಿನಗೂ ಚಲೋ ಅಲ್ಲ, ನನಗೂ ಚಲೋ ಅಲ್ಲ.”

ತಿರುಗಿ ಹೊರಟವರು ಹೋಟೆಲಿನ ಬಾಗಿಲಲ್ಲಿ ನಿಂತರು. ಒಳಗೆ ಬೆಂಚುಗಳ ಮೇಲೆ ಜನ ಒತ್ತಿಕೊಂಡು ಕೂತಿದ್ದರು, ಬಾಗಿಲಲ್ಲಿ ನಾಲ್ಕು ಮಂದಿ ಚಹಾದ ಬಸಿ ಹಿಡಿದು ನಿಂತೇ ಕುಡಿಯುತ್ತಿದ್ದರು. ಸಂತೆಯ ಹೆಣ್ಣುಮಗಳು ಬುಟ್ಟಿ ಸಮೇತ ಬಂದು ಕೂತಿದ್ದಳು. ಬಾಣಲೆಯಲ್ಲಿ ಎಣ್ಣೆ ಆರಲು ಹೊತ್ತೇ ಸಿಗುತ್ತಿರಲಿಲ್ಲ.

“ಇದು ಯಾರದು?”

“ನಂದೇ ರೀ” ಎಂದ ಅಯ್ಯಣ್ಣ.

“ದಿನಾ ಹಿಂಗೇನು?”

ಅಯ್ಯಣ್ಣ ದಸ್ತಗೀರ್ ಸಾಬ್‌ನ ಮುಖ ನೋಡಿದ. ಆಮೇಲೆ ಬೆಂಚು ನೋಡಿದ. ಆಮೇಲೆ ಸಾಹುಕಾರರ ಕೊಡೆ ನೋಡಿದ. ಅವನೂ ಹೊಟ್ಟೆಪಾಡಿನ ಮನುಷ್ಯ.

“ಸಂತಿ ದಿನ ಸ್ವಲ್ಪ ಜಾಸ್ತಿ ರೀ” ಎಂದ.

“ಹತ್ತು ಸೈಕಲ್ ನಿನ್ನಲ್ಲಿ ನಿಂದ್ರಸ್ತೀನಿ.”

“ಯಪ್ಪಾ, ನನಗ ಸೈಕಲ್ ಕೆಲಸ ಏನ್ ಗೊತ್ತದ ರೀ? ಚಹಾ ಬಿಟ್ರ ಬ್ಯಾರೆ ಗೊತ್ತಿಲ್ಲ.”

“ಸೈಕಲ್ ಕೆಲಸ ಕಲೀಬಹುದು. ಗಿರಾಕಿ ಬರಿಸೋದು ಕಲಿಯಾಕ ಬರಂಗಿಲ್ಲ. ಅದು ನಿನಗ ಬರ್ತದ” ಎಂದು ಹೇಳಿ ಸಾಹುಕಾರರು ರಾಯಚೂರಿನ ಬಸ್ಸು ಹತ್ತಿದರು.

ಜನ ಬಾಯಿ ಒರೆಸಿಕೊಂಡು ಎದ್ದರು. ಕಾಂಪೌಂಡರ್, ಡಾಕ್ಟರರು, ಮೇಷ್ಟರು, ಟಪಾಲಿನವನು ತಮ್ಮ ತಮ್ಮ ಸೈಕಲ್ ಬಿಡಿಸಿಕೊಂಡು ಹೋದರು. ಸಂತೆ ಚೆದುರುತ್ತಿತ್ತು. ಇನ್ನು ಬಾಡಿಗೆ ಕೇಳುವವರಾರೂ ಇರಲಿಲ್ಲ. ಮೂಕಪ್ಪ ಹೋಗುವಾಗ ದಸ್ತಗೀರ್ ಸಾಬ್‌ನ ಭುಜ ತಟ್ಟಿ, “ಚಿಂತಿ ಮಾಡಬ್ಯಾಡ, ನಾ ಬಾಯಿ ಬಿಟ್ಟಿಲ್ಲ” ಎಂದ.

ಕುಬ್ರಾ ಬೇಗಂ ಬುತ್ತಿ ಬಿಚ್ಚಿ ಗಂಡನ ಮುಂದಿಟ್ಟಳು. ಮುಂದಿನ ವರ್ಷ ಒಂಬತ್ತನೆಯದು ಬಂದೇ ಬರುತ್ತದೆ, ಮೊದಲು ತಿನ್ನಿ ಎಂದಳು. ಅವನು ರೊಟ್ಟಿ ಮುರಿಯುವಷ್ಟರಲ್ಲಿ ಅಯ್ಯಣ್ಣ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಎರಡು ಬಿಸಿ ಬಜ್ಜಿ ಇದ್ದವು. ಅವನ್ನು ಬುತ್ತಿಯ ಪಕ್ಕದಲ್ಲಿಟ್ಟು, ನಡುವಿನ ಗೋಡೆಯನ್ನು ಬೆರಳಿನಿಂದ ಎರಡು ಸಲ ಬಡಿದು ನೋಡಿದ.

“ತಪ್ಪ ತಿಳೀಬ್ಯಾಡ ಮಾವ. ನಾ ಬೇಡಿದ್ದಲ್ಲ, ಬಂದದ್ದು. ಹತ್ತು ಸೈಕಲ್ ನಿಂದ್ರಸಾಕ ನನಗ ಜಾಗ ಎಲ್ಲದ, ನೀನೇ ಹೇಳು. ನಿನ್ನ ಅಂಗಡಿ ಯಾವಾಗ ಖಾಲಿ ಮಾಡ್ತಿ?”

ಈ ಸಲ ಆ ಮಾತಿನ ಅರ್ಥವೇನೆಂದು ದಸ್ತಗೀರ್ ಸಾಬ್ ಯಾರನ್ನೂ ಕೇಳಲಿಲ್ಲ.